ಕನ್ನಡದಲ್ಲಿ ಲೇಟ್ ನೈಟ್ ಶೋ ಯಾಕಿಲ್ಲ? ಕೊನೇ ಸಲ ಹೇಳ್ತೀನಿ

"ಸರ್, ಒಂದು ಮೇಜು, ಎರಡು ಕುರ್ಚಿ, ಹಿಂದೆ ಊರಿನ ದೀಪಗಳ ಪರದೆ, ಒಬ್ಬ ಒಳ್ಳೆ ಮಾತುಗಾರ. ಇಷ್ಟು ಸಾಕಲ್ವಾ? ಅಮೆರಿಕದವರ ಹಾಗೆ ನಾವ್ಯಾಕೆ ಒಂದು ಲೇಟ್ ನೈಟ್ ಶೋ ಮಾಡಬಾರದು?"

ಟಿವಿಗೆ ಬರೆಯುವವರು ಕಣ್ಣಿಗೆ ಬಿದ್ದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಲೇಟ್ ನೈಟ್ ಶೋ ಅಂದರೆ ಹೋಸ್ಟ್ ಅವತ್ತಿನ ಸುದ್ದಿಯ ಮೇಲೆ ಜೋಕು ಹೇಳಿ, ಅತಿಥಿಗಳ ಜತೆ ಹರಟುವ, ರಾತ್ರಿ ತಡವಾಗಿ ಬರುವ ದಿನನಿತ್ಯದ ಟಿವಿ ಶೋ. ಯೂಟ್ಯೂಬಿನಲ್ಲಿ ಅಲ್ಲಿನ ಹೋಸ್ಟ್ ಜಿಮ್ಮಿ ಫ್ಯಾಲನ್‌ನ ನಾಲ್ಕು ಕ್ಲಿಪ್ಪು ನೋಡಿದವರೆಲ್ಲ ಕಾರ್ಯಕ್ರಮ ನಿರ್ಮಾಪಕರೇ. ಉತ್ತರ ಚಿಕ್ಕದು: ಸಾಕಾಗಲ್ಲ. ಮೇಜು, ಕುರ್ಚಿ, ಪರದೆ ಮೂರನ್ನೂ ಬಾಡಿಗೆಗೆ ತರಬಹುದು. ನನಗೆ ಸಿಟ್ಟು ಬರುವುದು ನಾಲ್ಕನೆಯದರ ಮೇಲೆ, ಆ "ಒಳ್ಳೆ ಮಾತುಗಾರ" ಅನ್ನುವುದರ ಮೇಲೆ.

2007ರ ಕೊನೆಯಲ್ಲಿ ಅಮೆರಿಕದ ಟಿವಿ-ಸಿನಿಮಾ ಬರಹಗಾರರ ಸಂಘ ಮುಷ್ಕರ ಹೂಡಿತು. ಲೇಟ್ ನೈಟ್ ಹೋಸ್ಟ್ ಕಾನನ್ ಓಬ್ರಯನ್ 2008ರ ಜನವರಿಯಲ್ಲಿ ಬರಹಗಾರರಿಲ್ಲದೆಯೇ ನಿಂತಿದ್ದ ಶೋ ಮತ್ತೆ ಶುರು ಮಾಡಿದ. ಈತ 'ದಿ ಸಿಂಪ್ಸನ್ಸ್' ಎಂಬ ಕಾರ್ಟೂನ್ ಹಾಸ್ಯ ಧಾರಾವಾಹಿಗೆ ಬರೆದು ಪಳಗಿದವನು, ಮಾತಿಗೆ ನಿಂತರೆ ಸೋಲುವವನಲ್ಲ. ಆತ ಏನು ಮಾಡಿದ ಗೊತ್ತೇ? ಮದುವೆ ಉಂಗುರ ಬಿಚ್ಚಿ ಮೇಜಿನ ಮೇಲೆ ಬುಗುರಿಯ ಹಾಗೆ ತಿರುಗಿಸಿದ. ಎಷ್ಟು ಹೊತ್ತು ತಿರುಗುತ್ತದೆ ಅಂತ ಸೆಕೆಂಡು ಲೆಕ್ಕ ಹಾಕಿದ. ಅದೂ ತಮಾಷೆಯಾಗಿಯೇ ಇತ್ತು, ಇಲ್ಲ ಅನ್ನಲ್ಲ. ಆದರೆ ಬರೆಯುವವರು ಎದ್ದು ಹೋದರೆ ಅಂಥವನ ಕೈಯಲ್ಲೂ ಉಳಿಯುವುದು ಉಂಗುರ ಮಾತ್ರ.

ಆ ಶೋಗಳು ತಯಾರಾಗುವ ಬಗೆ ಸ್ಥೂಲವಾಗಿ ಹೀಗೆ. ಬೆಳಿಗ್ಗೆ ಬರಹಗಾರರು ಅವತ್ತಿನ ಸುದ್ದಿ ಓದಿಕೊಂಡು ಜೋಕು ಕಳಿಸುತ್ತಾರೆ. ನೂರಕ್ಕೂ ಹೆಚ್ಚು ಬರುತ್ತವೆ, ಮುಖ್ಯ ಬರಹಗಾರ ಜರಡಿ ಹಿಡಿದು ಬಹುಪಾಲನ್ನು ಚೆಲ್ಲುತ್ತಾನೆ. ಮಧ್ಯಾಹ್ನ ರಿಹರ್ಸಲ್. ಅಲ್ಲಿ ನಗು ಬರದಿದ್ದದ್ದು ಔಟ್. ಉಳಿದ ಹತ್ತು-ಹದಿನೈದು ಜೋಕು ಹೋಸ್ಟ್ ನೋಡಿಕೊಂಡು ಓದಲು ದೊಡ್ಡ ಅಕ್ಷರದಲ್ಲಿ ಕ್ಯೂ ಕಾರ್ಡಿಗೋ ಪ್ರಾಂಪ್ಟರಿಗೋ ಹೋಗುತ್ತವೆ. ಸಂಜೆ ಐದರ ಆಸುಪಾಸಿಗೆ ಪ್ರೇಕ್ಷಕರನ್ನು ಕೂರಿಸಿ ಶೂಟ್. ಹೌದು, "ಲೇಟ್ ನೈಟ್" ಶೂಟ್ ಆಗುವುದು ನಾವು ಸಂಜೆ ಕಾಫಿ ಕುಡಿಯುವ ಹೊತ್ತಿಗೆ. ಹೋಸ್ಟ್ ಬರುವ ಮುಂಚೆ ಇನ್ನೊಬ್ಬ ಹಾಸ್ಯಗಾರ ಬಂದು ಜನರನ್ನು ನಗಿಸಿ ಹದ ಮಾಡುತ್ತಾನೆ. ಬ್ರೇಕ್ ಬಂದರೂ ಬ್ಯಾಂಡ್ ನಿಲ್ಲುವುದಿಲ್ಲ, ಯಾಕೆಂದರೆ ಎರಡು ನಿಮಿಷ ಸುಮ್ಮನೆ ಕೂತ ಜನರನ್ನು ಮತ್ತೆ ನಗಿಸುವುದು ಕಷ್ಟ. ಇಂಥದ್ದೇ ಶೋ ನಡೆಸುತ್ತಿದ್ದ ಡೇವಿಡ್ ಲೆಟರ್‌ಮನ್ ಅಂತೂ ಅದು ಶೂಟ್ ಆಗುತ್ತಿದ್ದ ನ್ಯೂಯಾರ್ಕಿನ ಎಡ್ ಸಲಿವನ್ ಥಿಯೇಟರನ್ನು ನಡುಕ ಬರುವಷ್ಟು ತಣ್ಣಗೆ ಇಡಿಸುತ್ತಿದ್ದ. ಸೆಕೆಯಲ್ಲಿ ಜನ ತೂಕಡಿಸುತ್ತಾರೆ, ಚಳಿಯಲ್ಲಿ ಎಚ್ಚರವಾಗಿರುತ್ತಾರೆ.

ಅತಿಥಿ ಕೂತಾಗ ಹೋಸ್ಟ್ ಏನೂ ಗೊತ್ತಿಲ್ಲದವನಂತೆ "ಮೊನ್ನೆ ವಿಮಾನದಲ್ಲಿ ಏನೋ ಆಯ್ತಂತೆ?" ಅಂತ ಕೇಳುತ್ತಾನಲ್ಲ, ಆ ಕಥೆಯನ್ನು ಅತಿಥಿಯ ಭಾಗ ನೋಡಿಕೊಳ್ಳುವ ಸೆಗ್ಮೆಂಟ್ ಪ್ರೊಡ್ಯೂಸರ್ ಮೊದಲೇ ಫೋನಿನಲ್ಲಿ ಕೇಳಿಕೊಂಡು, ಎಲ್ಲಿ ನಗು ಬರುತ್ತದೆ ಅಂತ ಗುರುತು ಹಾಕಿ ಕಾರ್ಡು ಮಾಡಿಕೊಟ್ಟಿರುತ್ತಾನೆ.

ಈಗ ನಮ್ಮ ಕಡೆ ಬನ್ನಿ. ಗಂಗಾವತಿ ಪ್ರಾಣೇಶ್, ಪ್ರೊ. ಕೃಷ್ಣೇಗೌಡರಂಥವರು ವೇದಿಕೆ ಹತ್ತಿದರೆ ಗಂಟೆಗಟ್ಟಲೆ ನಗಿಸುತ್ತಾರೆ. ಮಾತುಗಾರರಿಗೆ ಬರವೇ ಇಲ್ಲ. ಆದರೆ ವೇದಿಕೆಯ ಜೋಕು ಊರಿಂದೂರಿಗೆ ಹೋಗುತ್ತ ಪಳಗುತ್ತದೆ, ಶಿರಸಿಯಲ್ಲಿ ಹೇಳಿದ್ದನ್ನು ಸಿಂಧನೂರಿನಲ್ಲಿ ಇನ್ನೂ ಚೆನ್ನಾಗಿ ಹೇಳಬಹುದು. ದಿನನಿತ್ಯದ ಶೋದ ಜೋಕು ಮಾರನೆಯ ಬೆಳಿಗ್ಗೆಗೆ ಹಳಸುತ್ತದೆ. ಶುರುವಿನ ಜೋಕುಗಳಿಗೆ ದಿನಕ್ಕೆ 8 ನಿಮಿಷ, ವಾರಕ್ಕೆ 4 ದಿನ, ವರ್ಷಕ್ಕೆ 40 ವಾರ ಅಂತ ಹಿಡಿಯಿರಿ: 1280 ನಿಮಿಷ. ಒಂದನ್ನೂ ಎರಡನೇ ಸಲ ಹೇಳುವಂತಿಲ್ಲದ 21 ಗಂಟೆಯ ಹಾಸ್ಯ! ಇದಕ್ಕೆ ಬೇಕಾದದ್ದು ಮಾತುಗಾರನಲ್ಲ, ತಿಂಗಳ ಸಂಬಳಕ್ಕೆ ಕೂತು ಬರೆಯುವ ಹತ್ತು-ಹನ್ನೆರಡು ಜನ. ನಮ್ಮ ಕಾಮಿಡಿ ಶೋಗಳು ವಾರಾಂತ್ಯದವು. ಒಂದೇ ಶೆಡ್ಯೂಲಿನಲ್ಲಿ ಹಲವು ಎಪಿಸೋಡು ಮುಗಿಸಿ, ಪ್ರಸಾರ ಆಮೇಲೆ. 'ಮಜಾ ಟಾಕೀಸ್' ಆಗಲಿ 'ಕಾಮಿಡಿ ಕಿಲಾಡಿಗಳು' ಆಗಲಿ ಸ್ಕಿಟ್ಟಿನ ಮೇಲೆ ನಿಂತದ್ದು ಇದಕ್ಕೇ. ಅತ್ತೆ-ಸೊಸೆ ಜಗಳ ಮೂರು ವಾರಕ್ಕೆ ಹಳಸುವುದಿಲ್ಲ, ಮಂತ್ರಿಯ ಹೇಳಿಕೆ ಹಳಸುತ್ತದೆ. (ಮಂತ್ರಿಯ ಬಗ್ಗೆ ಜೋಕು ಮಾಡಿದ ಮೇಲೆ ಸ್ಟುಡಿಯೋ ಮುಂದೆ ಯಾರ್ಯಾರು ಬಂದು ನಿಲ್ಲುತ್ತಾರೆ ಅನ್ನುವುದು ಬೇರೆ ಲೇಖನ.) ಹಿಂದಿಯಲ್ಲಿ ಶೇಖರ್ ಸುಮನ್ 'ಮೂವರ್ಸ್ ಅಂಡ್ ಶೇಕರ್ಸ್' ಮಾಡಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಹಾಗಾಗಿ "ಭಾರತದಲ್ಲಿ ಯಾರಿಗೂ ಹೊಳೆದೇ ಇಲ್ಲ" ಅನ್ನುವವರು ದಯವಿಟ್ಟು ಸುಮ್ಮನಿರಿ.

ಅಮೆರಿಕದಲ್ಲೇ ಈ ಅಂಗಡಿಯ ಲೆಕ್ಕ ಈಗ ಕೂಡುತ್ತಿಲ್ಲ. ಲೆಟರ್‌ಮನ್ 1993ರಲ್ಲಿ ಶುರು ಮಾಡಿ, 2015ರಿಂದ ಸ್ಟೀಫನ್ ಕೋಲ್ಬೇರ್ ನಡೆಸಿದ 'ಲೇಟ್ ಶೋ'ವನ್ನು 2026ರ ಮೇ ತಿಂಗಳಿಗೆ ಮುಗಿಸುತ್ತೇವೆ ಅಂತ ಸಿಬಿಎಸ್ ಟಿವಿ ನೆಟ್‌ವರ್ಕ್ 2025ರ ಜುಲೈನಲ್ಲೇ ಹೇಳಿತು. ಕೊಟ್ಟ ಕಾರಣ ಹಣಕಾಸು. ಕಾರಣ ಅದೊಂದೇನಾ ಅಂತ ಅಲ್ಲಿಯೇ ಬೇಕಾದಷ್ಟು ಜನ ಕೇಳಿದರು.

ನಿಜ ಹೇಳಬೇಕೆಂದರೆ, ಹೋಸ್ಟ್ ಬಗ್ಗೆ ಕೇಳುವ ಬದಲು "ಆ ಶೋ ರಾತ್ರಿ 11:35ಕ್ಕೇ ಯಾಕೆ ಶುರುವಾಗುತ್ತದೆ?" ಅಂತ ಯಾರಾದರೂ ಕೇಳಿದ್ದರೆ ಖುಷಿಯಿಂದ ಕೂತು ಹೇಳುತ್ತಿದ್ದೆ. 11ರಿಂದ 11:35ರವರೆಗೆ ಅಲ್ಲಿ ಆಯಾ ಊರಿನ ಸ್ಟೇಷನ್ನಿನ ಸುದ್ದಿ ಬರುತ್ತದೆ. ಎನ್‌ಬಿಸಿ, ಎಬಿಸಿ, ಸಿಬಿಎಸ್ ಎಂಬ ದೇಶವ್ಯಾಪಿ ನೆಟ್‌ವರ್ಕ್‌ಗಳು ಕಾರ್ಯಕ್ರಮ ಕೊಡುತ್ತವೆ, ಊರೂರಿನ ಸ್ಟೇಷನ್ ಅದನ್ನು ಬಿತ್ತರಿಸುತ್ತದೆ. ಶೋ ನಡುವಿನ ಜಾಹೀರಾತಿನ ಸಮಯದಲ್ಲಿ ಒಂದಷ್ಟು ಸ್ಟೇಷನ್ನಿನದೇ. ಈ ಸ್ಟೇಷನ್ನಿನವರ ಕೈ ಎಷ್ಟು ಮೇಲಿದೆ ಅಂದರೆ, 2025ರ ಸೆಪ್ಟೆಂಬರಿನಲ್ಲಿ ತನ್ನ ಹೋಸ್ಟ್ ಜಿಮ್ಮಿ ಕಿಮ್ಮೆಲ್‌ನ ಅಮಾನತು ಮುಗಿಸಿ ಎಬಿಸಿ ಶೋ ಮತ್ತೆ ಆರಂಭಿಸಿದರೂ, ನೆಕ್ಸ್‌ಸ್ಟಾರ್ ಮತ್ತು ಸಿಂಕ್ಲೇರ್ ಕಂಪನಿಗಳು ತಮ್ಮ ಸ್ಟೇಷನ್‌ಗಳಲ್ಲಿ ಇನ್ನೂ ಕೆಲ ದಿನ ಹಾಕಲಿಲ್ಲ.

ಆ ಸರಿರಾತ್ರಿಯ ಅಗ್ಗದ ಸಮಯದಲ್ಲೇ ಲೋಕಲ್ ಜಾಹೀರಾತಿನ ದೊರೆಗಳು ಹುಟ್ಟಿದ್ದು. ಕ್ಯಾಲಿಫೋರ್ನಿಯಾದ ಕಾರು ವ್ಯಾಪಾರಿ ಕ್ಯಾಲ್ ವರ್ದಿಂಗ್ಟನ್ "ನನ್ನ ನಾಯಿ ಸ್ಪಾಟ್" ಅಂತ ಹೇಳಿ ಹುಲಿಯನ್ನೋ ಆನೆಯನ್ನೋ ಕರೆತಂದು ನಿಲ್ಲಿಸುತ್ತಿದ್ದ. ನ್ಯೂಯಾರ್ಕಿನ 'ಕ್ರೇಜಿ ಎಡ್ಡಿ' ಎಲೆಕ್ಟ್ರಾನಿಕ್ಸ್ ಅಂಗಡಿಯ ಜಾಹೀರಾತಿನಲ್ಲಿ ಜೆರ್ರಿ ಕ್ಯಾರೊಲ್ ಕೈ ಬೀಸಿ ಕಿರುಚುತ್ತಿದ್ದ. ಎಡ್ಡಿ ಯಾರು ಅಂತ ಕೇಳಿದರೆ ಜನ ಅವನನ್ನೇ ತೋರಿಸುತ್ತಿದ್ದರು. ಅಂಗಡಿಯ ಮಾಲೀಕ, ನಿಜವಾದ ಎಡ್ಡಿ ಆಂಟರ್ ಲೆಕ್ಕಪತ್ರದ ವಂಚನೆಗೆ ಜೈಲು ಸೇರಿದ, ಅದಕ್ಕೆ ಕ್ಯಾರೊಲ್ ಹೊಣೆಯಲ್ಲ.

ನಮ್ಮ ಉಪಗ್ರಹ ಚಾನೆಲ್ ಬೀದರಿಗೂ ಚಾಮರಾಜನಗರಕ್ಕೂ ಒಂದೇ ಫೀಡ್. ದಾವಣಗೆರೆಯ ಸೀರೆ ಅಂಗಡಿಯವರು ಇಡೀ ರಾಜ್ಯದ ದುಡ್ಡು ಕೊಟ್ಟು ದಾವಣಗೆರೆಯ ಗಿರಾಕಿಯನ್ನು ಕರೆಯಬೇಕು. ಬೆಂಗಳೂರಿನ ಅಮಾಗಿ ಕಂಪನಿ ಒಂದೇ ಸ್ಲಾಟಿನಲ್ಲಿ ಬೇರೆ ಬೇರೆ ಪ್ರದೇಶಕ್ಕೆ ಬೇರೆ ಬೇರೆ ಜಾಹೀರಾತು ಹಾಕುವ ತಂತ್ರ ತಂದಿತ್ತು, ಆದರೂ ಸಣ್ಣ ಅಂಗಡಿಗೆ ಕೈಗೆಟಕುವುದು ಊರಿನ ಕೇಬಲ್ ಆಪರೇಟರನ ಚಾನೆಲ್ಲೇ. ಅಲ್ಲಿನ ಜಾಹೀರಾತು ನೋಡಿ ನಗುವವರು ಅದು ಎಡವುವುದೆಲ್ಲಿ ಅಂತ ಗಮನಿಸುವುದಿಲ್ಲ. 20 ಸೆಕೆಂಡಿಗೆ ಕನ್ನಡದಲ್ಲಿ 35 ಪದ ಹಿಡಿಸುತ್ತದೆ. ಮಾಲೀಕರು ಸಿಲ್ಕು, ಕಾಟನ್ನು, ಮದುವೆ ಜವಳಿ, ಆಷಾಢದ ಡಿಸ್ಕೌಂಟು, ಎರಡು ಶಾಖೆ, ಪಾರ್ಕಿಂಗ್ ಎಲ್ಲ ಸೇರಿಸಿ 60 ಪದ ಕೊಡುತ್ತಾರೆ. ವಾಯ್ಸ್ ಓವರ್‌ನವನು ಓಡದೆ ಏನು ಮಾಡಿಯಾನು? ಮೊದಲ ಐದು ಸೆಕೆಂಡು ದೇವರ ಫೋಟೊ, ಕೊನೆಯ ಎರಡು ಸೆಕೆಂಡಿನಲ್ಲಿ ಮೂರು ಫೋನ್ ನಂಬರು, ಅದೂ ಪರದೆಯ ತಳದಲ್ಲಿ. ಸರಿಯಾಗಿ ಅದೇ ತಳದಲ್ಲಿ ಚಾನೆಲ್ಲಿನವರ ಸ್ಕ್ರಾಲ್ ಓಡುತ್ತಿರುತ್ತದೆ. ಕೊಟ್ಟ ದುಡ್ಡಿನ ನಂಬರನ್ನು ಪಕ್ಕದ ಓಣಿಯ ಬಾಡಿಗೆ ಮನೆಯ ಜಾಹೀರಾತು ಮುಚ್ಚಿಹಾಕುತ್ತದೆ.

ಅಂಗಡಿ ಮಾಲೀಕರ ಜಾಹೀರಾತಿಗೆ ಬೇಕಾದದ್ದು ಇಷ್ಟೇ: ಒಂದು ಮಾಲು, ಒಂದು ಬೆಲೆ, ಒಂದು ಗುರುತು ("ಹಳೆ ಬಸ್ ಸ್ಟ್ಯಾಂಡ್ ಎದುರು" ಸಾಕು, ಪಿನ್ ಕೋಡ್ ಬೇಡ), ಒಂದು ನಂಬರು. ಆ ನಂಬರು ಸ್ಕ್ರಾಲಿಗಿಂತ ಮೇಲೆ, ಕೊನೆಯ ಐದು ಸೆಕೆಂಡು ಪೂರ್ತಿ ನಿಲ್ಲಲಿ. ದೇವರ ಫೋಟೊ ಬೇಕೇ ಬೇಕು ಅಂದರೆ ಗಲ್ಲಾಪೆಟ್ಟಿಗೆ ಹಿಂದಿನ ಗೋಡೆಗೆ ಹಾಕಿಸಿ ಮಾಲೀಕರನ್ನು ಅದರ ಮುಂದೆ ಕೂರಿಸಿ ಶೂಟ್ ಮಾಡಿ. ಐದು ಸೆಕೆಂಡು ಉಳಿಯುತ್ತದೆ, ಮಾಲೀಕರಿಗೂ ಬೇಜಾರಾಗುವುದಿಲ್ಲ.