‘ಮಳೆ’ ಅಂದ ಮೇಲೆ ಮುಂದಿನ ಪದ ಯಾವುದು? ವಾಟ್ಸಾಪ್ ಪಂದ್ಯಾವಳಿಗೆ ನಿಯಮ ಬರೆದ ಅನುಭವ

ಕೊಡಗಿನ ರೆಸಾರ್ಟ್‌ಗಳಲ್ಲಿ ಎಚ್‌ಆರ್ ಕೆಲಸ ಮಾಡುವವರಿಗೆ ಮಳೆಗಾಲದ ತಲೆನೋವೇ ಬೇರೆ. ಬೇಸಿಗೆಯಲ್ಲಿ ರಜೆ ಕೇಳಿ ಬಂದವರಿಗೆ ಇಲ್ಲ ಅನ್ನುವುದೇ ಕೆಲಸ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ರೂಮುಗಳೆಲ್ಲ ಖಾಲಿ, ಹುಡುಗರು ಕ್ವಾರ್ಟರ್ಸ್‌ನಲ್ಲಿ ಕಂಬಳಿ ಹೊದ್ದು ಫೋನ್ ನೋಡುತ್ತ ಕೂರುತ್ತಾರೆ. ಬೇಜಾರು ಹತ್ತಿ ಯಾರೋ ಒಬ್ಬ ರಾಜೀನಾಮೆ ಕೊಟ್ಟರೆ ಅವನ ಹಿಂದೆ ಇನ್ನಿಬ್ಬರು ಹೊರಡುತ್ತಾರೆ. ನಮ್ಮ ಸಂಸ್ಥೆಗೆ ಮಡಿಕೇರಿ, ಸಿದ್ದಾಪುರ, ಭಾಗಮಂಡಲ, ಕುಶಾಲನಗರ ಹೀಗೆ ಅಲ್ಲಲ್ಲಿ ಪ್ರಾಪರ್ಟಿಗಳಿವೆ. ಎಲ್ಲರನ್ನೂ ಒಂದು ಕಡೆ ಕರೆಸಿ ಕೇರಂ ಆಡಿಸೋಣವೆಂದರೆ ಆ ಮಳೆಯಲ್ಲಿ, ಆ ರಸ್ತೆಯಲ್ಲಿ ಆಗುವ ಮಾತಲ್ಲ. ಹಾಗಾಗಿ ವಾಟ್ಸಾಪ್ ಗುಂಪಿನಲ್ಲೇ ಪಂದ್ಯಾವಳಿ ನಡೆಸಿ ಅಂತ ಮೇಲಿನವರು ಹೇಳಿದರು. ಆಟ ಎರಡು: ಪದಸರಪಳಿ ಮತ್ತು ಹೌಸಿ, ಅಂದರೆ ಕೂಗಿದ ಅಂಕಿಯನ್ನು ಟಿಕೆಟ್‌ನಲ್ಲಿ ಹೊಡೆಯುತ್ತ ಹೋಗುವ ಆಟ. ನಿಯಮ ಬರೆಯುವ ಕೆಲಸ ನನ್ನ ತಲೆಗೆ ಬಂತು.

ರಜೆ, ಯೂನಿಫಾರ್ಮ್, ಮೆಸ್ಸಿನ ಸಮಯ, ಇವಕ್ಕೆಲ್ಲ ನಿಯಮ ಬರೆದು ನನಗೆ ಅಭ್ಯಾಸವಿದೆ. ಅಲ್ಲಿ ಏನಾದರೂ ಎಡವಟ್ಟಾದರೆ ಆ ವ್ಯಕ್ತಿಯನ್ನು ಕರೆದು ಎದುರು ಕೂರಿಸಿ ‘ಯಾಕಪ್ಪಾ ಹೀಗಾಯ್ತು’ ಅಂತ ಕೇಳಬಹುದು, ಮುಖ ನೋಡಿದರೆ ಅರ್ಧ ಗೊತ್ತಾಗುತ್ತದೆ. ಚಾಟ್‌ನಲ್ಲಿ ಆಡುವ ಆಟದಲ್ಲಿ ಆ ಸೌಲಭ್ಯ ಇಲ್ಲ. ರೆಫರಿಗೆ ಕಾಣುವುದು ಮೂರೇ: ಹೆಸರು, ಬರೆದ ಅಕ್ಷರ, ಪಕ್ಕದಲ್ಲಿರುವ ಸಮಯ. ಅದಕ್ಕೆ ಪ್ರತಿ ನಿಯಮವನ್ನೂ ಒಂದೇ ಪ್ರಶ್ನೆಗೆ ಒಡ್ಡಿ ನೋಡಿದೆ. ಇದನ್ನು ತೀರ್ಮಾನಿಸಲು ರೆಫರಿ ಯಾರಿಗಾದರೂ ಫೋನ್ ಹಚ್ಚಿ ಕಾರಣ ಕೇಳಬೇಕಾಗುತ್ತದೆಯೇ? ಹೌದಾದರೆ ಆ ನಿಯಮ ಕೆಲಸಕ್ಕೆ ಬಾರದು, ತಿದ್ದಬೇಕು.

ಪದಸರಪಳಿ ಎಲ್ಲರಿಗೂ ಗೊತ್ತಿರುವ ಆಟ. ಹಿಂದಿನವರ ಪದದ ಕೊನೆಯ ಅಕ್ಷರದಿಂದ ನಾವು ಇನ್ನೊಂದು ಪದ ಹೇಳಬೇಕು. ಬಾಯಲ್ಲಿ ಆಡುವಾಗ ಇಷ್ಟು ಸಾಕು, ಬರೆದು ಆಡುವಾಗ ಸಾಲದು. ‘ಹಾಡು’ ಅಂದರೆ ಮುಂದಿನವರು ‘ಡು’ ಇಂದಲೇ ಶುರು ಮಾಡಬೇಕೋ, ‘ಡಬ್ಬಿ’ ಅಂದರೂ ನಡೆಯುತ್ತದೋ? ನಡೆಯುತ್ತದೆ, ವ್ಯಂಜನ ಒಂದೇ ಆದರೆ ಸಾಕು, ಯಾವ ಗುಣಿತವಾದರೂ ಆಗಬಹುದು ಅಂತ ಬರೆದೆವು. ‘ರಾಷ್ಟ್ರ’ಕ್ಕೆ ಕೊನೆಯದು ಯಾವುದು? ಒತ್ತಿನಲ್ಲಿ ಎಲ್ಲಕ್ಕಿಂತ ಕೊನೆಗೆ ಉಚ್ಚರಿಸುವ ವ್ಯಂಜನ, ಅಂದರೆ ರ. ‘ಆಜ್ಞೆ’ಗೆ ಈ ಲೆಕ್ಕ ಹಾಕಿದರೆ ಞ ಬರುತ್ತದೆ, ಅದನ್ನು ಹಿಡಿದುಕೊಂಡು ಯಾರೂ ಎಲ್ಲಿಗೂ ಹೋಗಲಾರರು, ಹಾಗಾಗಿ ಅದಕ್ಕೆ ಜ ಅಂತ ವಿನಾಯಿತಿ.

ನಿಜವಾದ ಗಂಟು ಬಿದ್ದದ್ದು ಳ ಮತ್ತು ಣ ಹತ್ತಿರ. ನಿಯಮ ಪರೀಕ್ಷಿಸಲೆಂದು ಫ್ರಂಟ್ ಆಫೀಸ್‌ನ ಹುಡುಗಿಯೂ ಕಿಚನ್‌ನ ಹುಡುಗನೂ ಸುಮ್ಮನೆ ಆಡಿ ನೋಡುತ್ತಿದ್ದರು. ಆಷಾಢದ ಮಡಿಕೇರಿಯಲ್ಲಿ ಕೂತವನಿಗೆ ಮೊದಲು ಹೊಳೆಯುವ ಪದ ಇನ್ಯಾವುದು, ಅವನು ‘ಮಳೆ’ ಅಂತ ಹಾಕಿದ. ಆಟ ಅಲ್ಲಿಗೇ ನಿಂತಿತು. ಕನ್ನಡದಲ್ಲಿ ಳ ಇಂದ ಶುರುವಾಗುವ ಬಳಕೆಯ ಪದವೇ ಇಲ್ಲ, ಣ ಕೂಡ ಹಾಗೇ. ಪದದ ಕೊನೆಗೆ ಮಾತ್ರ ಇವೆರಡೂ ದಂಡಿಯಾಗಿ ಬರುತ್ತವೆ: ಹೊಳೆ, ಕೋಳಿ, ಕಿತ್ತಳೆ, ಬಾಳೆ, ಹಣ, ಬಣ್ಣ, ಅಣ್ಣ. ಇಂಥ ಪದ ಹಾಕಿದವರೇ ಗೆದ್ದಂತೆ ಅಂತ ಬಿಟ್ಟರೆ ಎರಡನೇ ಪದಕ್ಕೇ ಎಲ್ಲ ಪಂದ್ಯ ಮುಗಿಯುತ್ತದೆ. ಇಂಥ ಪದಗಳನ್ನೇ ನಿಷೇಧಿಸೋಣ ಅಂತ ಒಬ್ಬರು ಸಲಹೆ ಕೊಟ್ಟರು. ಕೊಡಗಿನಲ್ಲಿ ಕೂತು ಮಳೆ, ಹೊಳೆ, ಕಿತ್ತಳೆ ಅನ್ನಬೇಡಿ ಅಂದರೆ ಹೇಗೆ? ಕೊನೆಗೆ ಳ ಬಂದರೆ ಲ, ಣ ಬಂದರೆ ನ ಅಂತ ತೀರ್ಮಾನಿಸಿದೆವು. ಪಂದ್ಯ ಶುರುವಾದ ಮೇಲೆ ಕೆಲವರು ಲಾಳ, ಲೋಳೆ, ಲೀಲೆ ಅಂತ ಲ ಇಂದ ಹೊರಟು ಮತ್ತೆ ಲ ಮೇಲೇ ಬಂದು ನಿಲ್ಲುವ ಪದಗಳನ್ನು ಪಟ್ಟಿ ಮಾಡಿಟ್ಟುಕೊಂಡರು. ಅದರ ಬಗ್ಗೆ ದೂರು ಬಂತು, ನಾನು ತಳ್ಳಿಹಾಕಿದೆ. ಅದು ಜಾಣತನ, ಆಟ ಇರುವುದೇ ಅದಕ್ಕೆ.

ಇನ್ನೊಂದು ಬಾಗಿಲು ಮುಚ್ಚಬೇಕಿತ್ತು, ಅದು ‘ಗಳು’. ಯಾವ ನಾಮಪದಕ್ಕೆ ಬೇಕಾದರೂ ಅಂಟಿಸಬಹುದಾದ ಈ ಪ್ರತ್ಯಯ ಬಿಟ್ಟರೆ ಪ್ರತಿ ಪದವೂ ಳು ಇಂದಲೇ ಮುಗಿಯುತ್ತದೆ. ಮರದಲ್ಲಿ, ಮರದಿಂದ, ಮರಕ್ಕೆ ಅಂತ ಒಂದೇ ಮರವನ್ನು ಹತ್ತು ಸಲ ಕಡಿಯುವವರೂ ಇದ್ದಾರೆ. ಹಾಗಾಗಿ ನಿಘಂಟಿನಲ್ಲಿ ಮುಖ್ಯಪದವಾಗಿ ಇರುವ ರೂಪ ಮಾತ್ರ. ಯಾವ ನಿಘಂಟು? ಫೋನಿನಲ್ಲೇ ತಕ್ಷಣ ನೋಡುವಂಥದ್ದು ಬೇಕಿತ್ತು, ‘ಅಲರ್’ ಇಟ್ಟುಕೊಂಡೆವು. ವಿ. ಕೃಷ್ಣ ಅವರು ವರ್ಷಗಟ್ಟಲೆ ಒಬ್ಬರೇ ಕೂತು ಕಟ್ಟಿದ, ಒಂದೂವರೆ ಲಕ್ಷಕ್ಕೂ ಮೇಲ್ಪಟ್ಟು ಪದಗಳಿರುವ ನಿಘಂಟು, ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ಮುಕ್ತ. ಅಲ್ಲಿದ್ದರೆ ಸೈ, ಇಲ್ಲದಿದ್ದರೆ ಇಲ್ಲ. ‘ನಮ್ಮೂರಲ್ಲಿ ಹಂಗಂತಾರೆ ಮೇಡಂ’ ಅನ್ನುವ ವಾದಕ್ಕೆ ನನಗೆ ಮನಸ್ಸಿನಲ್ಲಿ ಗೌರವವಿದೆ, ಪಂದ್ಯದಲ್ಲಿ ಜಾಗವಿಲ್ಲ. ಹೆಸರುಗಳೂ ಬೇಡ ಅಂದೆವು. ಕೊಡವರ ಮನೆತನದ ಹೆಸರುಗಳಲ್ಲಿ ‘ಂಡ’ ಇಂದ ಮುಗಿಯುವಂಥವು ಎಷ್ಟಿವೆಯೆಂದರೆ, ಅವನ್ನು ಬಿಟ್ಟುಕೊಂಡಿದ್ದರೆ ಎದುರಾಳಿ ಮಳೆಗಾಲ ಮುಗಿಯುವತನಕ ಡ ಇಂದ ಪದ ಹುಡುಕುತ್ತಿರುತ್ತಿದ್ದ.

ಒಮ್ಮೆ ಬಂದ ಪದ ಅದೇ ಪಂದ್ಯದಲ್ಲಿ ಮತ್ತೆ ಬರಬಾರದು. ಇದನ್ನು ಹಿಡಿಯಲು ರೆಫರಿ ಗುಂಪಿನ ಸರ್ಚ್‌ನಲ್ಲಿ ಪದ ಹಾಕಿ ನೋಡುತ್ತಾರೆ. ಒಂದು ಪಂದ್ಯದಲ್ಲಿ ‘ಕಂಬ’ ಎರಡು ಸಲ ಬಂದಿದೆ ಅಂತ ಎದುರಾಳಿ ಕೂಗೆಬ್ಬಿಸಿದ, ಸರ್ಚ್ ಮಾಡಿದರೆ ಒಂದೇ ತೋರಿಸುತ್ತಿದೆ. ಬೆರಳಲ್ಲಿ ಮೇಲಕ್ಕೆ ಜಾರಿಸುತ್ತ ಹೋದರೆ ಎರಡೂ ಕಣ್ಣಿಗೆ ಕಾಣುತ್ತಿವೆ, ಒಂದರಂತೆ ಒಂದು. ಎರಡನ್ನೂ ನಕಲು ಮಾಡಿ ಅಕ್ಷರ ಅಕ್ಷರ ಬಿಡಿಸಿ ನೋಡಿದಾಗ ಗುಟ್ಟು ತಿಳಿಯಿತು. ಒಂದರಲ್ಲಿ ಅನುಸ್ವಾರವಿತ್ತು, ಇನ್ನೊಂದರಲ್ಲಿ ಅದರ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಇತ್ತು: ‘ಕಂಬ’ ಮತ್ತು ‘ಕ೦ಬ’. ನಮ್ಮ ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ ಸಂಕೇತ. ಕೆಲವರು ಕೀಬೋರ್ಡ್‌ನಲ್ಲಿ ಬೇಗ ಸಿಕ್ಕಿತು ಅಂತ ಸೊನ್ನೆಯನ್ನೇ ಒತ್ತುತ್ತಾರೆ, ಅಭ್ಯಾಸಬಲ. ಬೇಕಂತಲೇ ಮಾಡಿದನೋ ಅಭ್ಯಾಸವೋ ಅಂತ ಕೇಳಲು ಎಲ್ಲರೂ ತುದಿಗಾಲಲ್ಲಿದ್ದರು. ಕೇಳಲಿಲ್ಲ. ಕಣ್ಣಿಗೆ ಒಂದೇ ಥರ ಕಂಡರೆ ಒಂದೇ ಪದ, ಅಂತ ಒಂದು ಸಾಲು ಸೇರಿಸಿದೆವು. ಪದ ರದ್ದಾಯಿತು, ಮನುಷ್ಯನ ಮೇಲೆ ಯಾವ ಆರೋಪವೂ ಇಲ್ಲ.

ಸಮಯದ ಜಗಳ ಇದಕ್ಕಿಂತ ಜೋರು. ವಾಟ್ಸಾಪ್ ಗಂಟೆ, ನಿಮಿಷ ತೋರಿಸುತ್ತದೆಯೇ ಹೊರತು ಸೆಕೆಂಡು ತೋರಿಸುವುದಿಲ್ಲ. ಅಂದಮೇಲೆ ‘30 ಸೆಕೆಂಡಿನೊಳಗೆ ಉತ್ತರಿಸಿ’ ಅನ್ನುವ ನಿಯಮ ಕಾಗದದ ಮೇಲೆ ಚೆಂದ, ಅಳೆಯುವುದಕ್ಕೆ ಮಾತ್ರ ಆಗುವುದಿಲ್ಲ. ಒಂದು ಸರದಿಗೆ 5 ನಿಮಿಷ ಅಂತ ಇಟ್ಟೆವು. ಇನ್ನು ‘ಯಾರು ಮೊದಲು’ ಅನ್ನುವುದು. ಭಾಗಮಂಡಲದವನು ಪದ ಕಳಿಸಿದಾಗ ಅಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಮೆಸೇಜು ಅವನ ಫೋನಿನಲ್ಲೇ ಕಾಯುತ್ತಿರುತ್ತದೆ. ಅವನ ತೆರೆಯಲ್ಲಿ ಅದು ಮೇಲೆ ಕಾಣುತ್ತದೆ, ಉಳಿದವರಿಗೆ ಸಿಗ್ನಲ್ ಬಂದ ಮೇಲೆ ಕೆಳಗೆಲ್ಲೋ ಬಂದು ಬೀಳುತ್ತದೆ. ‘ಮೇಡಂ, ನನ್ನ ಫೋನಲ್ಲಿ ನಂದೇ ಫಸ್ಟ್ ಇದೆ, ಸ್ಕ್ರೀನ್‌ಶಾಟ್ ಕಳಿಸ್ಲಾ?’ ಅಂತ ಒಬ್ಬ, ‘ನನ್ನ ಫೋನಲ್ಲಿ ನಂದು, ನಾನೂ ಕಳಿಸ್ತೀನಿ’ ಅಂತ ಇನ್ನೊಬ್ಬ. ಇಬ್ಬರ ಸ್ಕ್ರೀನ್‌ಶಾಟೂ ಸಾಚಾ! ಆದ್ದರಿಂದ ಸ್ಕ್ರೀನ್‌ಶಾಟ್ ಸಾಕ್ಷಿಯೇ ಅಲ್ಲ, ರೆಫರಿಯ ಫೋನಿನಲ್ಲಿ ಕಂಡ ಕ್ರಮವೇ ಕ್ರಮ ಅಂತ ಬರೆದೆವು. ಆ ರೆಫರಿಯನ್ನು ಕುಶಾಲನಗರದ ಆಫೀಸಿನಲ್ಲಿ ಕೂರಿಸಿದೆವು, ಮಳೆಯೂ ಕಡಿಮೆ, ಫೈಬರ್ ಲೈನಿಗೆ ಯುಪಿಎಸ್ಸೂ ಇದೆ. ಕಳಿಸಿದ ಮೆಸೇಜನ್ನು 15 ನಿಮಿಷದವರೆಗೆ ತಿದ್ದಲು ವಾಟ್ಸಾಪ್ ಬಿಡುತ್ತದೆ, ತಿದ್ದಿದ ಗುರುತು ಪಕ್ಕದಲ್ಲೇ ಕಾಣುತ್ತದೆ. ಆ ಗುರುತು ಕಂಡರೆ ಪದ ರದ್ದು, ಬರೀ ದೀರ್ಘ ಸರಿಮಾಡಿದ್ದರೂ ರದ್ದೇ. ಕಠಿಣವೆನಿಸಬಹುದು, ಆದರೆ ಏನು ತಿದ್ದಿದಿರಿ ಅಂತ ವಿಚಾರಣೆ ಮಾಡುವುದು ತಪ್ಪಿತು.

ಕರೆಂಟು. ಕೊಡಗಿನ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿಯುವುದು ಅಪರೂಪದ ಸಂಗತಿಯಲ್ಲ, ಅದರ ಹಿಂದೆಯೇ ಟವರೂ ಮಲಗುತ್ತದೆ. ಮೊದಲ ಕರಡಿನಲ್ಲಿ ‘ವಿದ್ಯುತ್ ಅಥವಾ ನೆಟ್‌ವರ್ಕ್ ಸಮಸ್ಯೆಯಾದರೆ ಪಂದ್ಯ ಮುಂದೂಡಲಾಗುವುದು’ ಅಂತಿತ್ತು. ಸಮಸ್ಯೆ ಆಯಿತೋ ಇಲ್ಲವೋ ಯಾರು ನೋಡಿದವರು? ಸೋಲುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುವ ಮನೆಗಳೂ ಇರುತ್ತವೆ. ಬದಲಿಗೆ ಪ್ರತಿಯೊಬ್ಬರಿಗೂ ಇಡೀ ಪಂದ್ಯಾವಳಿಗೆ ಎರಡು ವಾಯಿದೆ ಕೊಟ್ಟೆವು. ಸರದಿಯ ಸಮಯ ಮೀರಿದರೆ ಒಂದು ವಾಯಿದೆ ತಾನಾಗಿ ಖರ್ಚು, ಪಂದ್ಯ ಮಾರನೇ ದಿನ ಅದೇ ಪದದಿಂದ ಮುಂದುವರಿಯುತ್ತದೆ. ಕಾರಣ ಹೇಳಬೇಕಿಲ್ಲ, ಯಾರೂ ಕೇಳುವುದೂ ಇಲ್ಲ. ಕರೆಂಟೋ, ನಿದ್ದೆಯೋ, ಅಡುಗೆಮನೆಯಲ್ಲಿ ಹಾಲು ಉಕ್ಕಿತೋ, ಎಲ್ಲಕ್ಕೂ ಅದೇ. ವಾಯಿದೆ ಮುಗಿದ ಮೇಲೆ ತಪ್ಪಿದರೆ ಸೋಲು. ನಾನು ಬರೆದುದರಲ್ಲಿ ನನಗೆ ಅತಿ ಇಷ್ಟವಾದ ನಿಯಮ ಇದೇ, ಆಫೀಸಿನ ಅರ್ಧ ದಿನದ ರಜೆಗೂ ಹೀಗೇ ಮಾಡಬೇಕೆನಿಸಿದೆ.

ಪಂದ್ಯಗಳನ್ನು ಹೇಗೆ ಜೋಡಿಸುವುದೆಂಬ ಮಾತು ಬಂದಾಗ ಎಲ್ಲರ ಬಾಯಲ್ಲೂ ನಾಕೌಟ್. ಸಹಜವೇ. 1997ರಲ್ಲಿ ಕರಡ ಅನ್ನುವ ಊರಿನಲ್ಲಿ ಶುರುವಾದ, ಮನೆತನಕ್ಕೊಂದು ತಂಡ ಆಡುವ ಕೊಡವ ಕೌಟುಂಬಿಕ ಹಾಕಿಯನ್ನು ನೋಡಿ ಬೆಳೆದ ಊರು ಇದು. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಆಡಿದ್ದವು. ಅಲ್ಲಿ ಸೋತವರೂ ಮೈದಾನದ ಸುತ್ತ ನೆಂಟರಿಷ್ಟರ ಜೊತೆ ಹಬ್ಬ ಮಾಡುತ್ತಾರೆ. ನಮ್ಮಲ್ಲಿ ಮೊದಲ ದಿನ ಸೋತವನು ಮತ್ತೆ ಕಂಬಳಿಯೊಳಗೆ ಸೇರಿಕೊಳ್ಳುತ್ತಾನೆ, ಪಂದ್ಯಾವಳಿ ಇಟ್ಟ ಉದ್ದೇಶವೇ ಹೋಯಿತು. 32 ಜನರಿದ್ದರೆ ನಾಕೌಟ್‌ನಲ್ಲಿ 31 ಪಂದ್ಯ, ಮೊದಲ ಸುತ್ತಿಗೇ ಅರ್ಧ ಜನ ಹೊರಗೆ. ಎಲ್ಲರೂ ಎಲ್ಲರ ಜೊತೆ ಆಡಿದರೆ 496, ದೀಪಾವಳಿಯಾದರೂ ಮುಗಿಯದು. ಚೆಸ್‌ನವರ ಸ್ವಿಸ್ ಪದ್ಧತಿ ಇವೆರಡರ ನಡುವಿನದು, 1895ರಲ್ಲಿ ಜ್ಯೂರಿಕ್‌ನ ಚೆಸ್ ಪಂದ್ಯಾವಳಿಯಲ್ಲಿ ಮೊದಲು ಬಳಸಿದ್ದಕ್ಕೆ ಆ ಹೆಸರು. ಪ್ರತಿ ಸುತ್ತಿನಲ್ಲೂ ಹತ್ತಿರ ಹತ್ತಿರ ಸಮ ಅಂಕ ಇರುವವರನ್ನು ಜೋಡಿ ಮಾಡುವುದು, ಯಾರೂ ಹೊರಬೀಳುವುದಿಲ್ಲ. 32 ಜನಕ್ಕೆ 5 ಸುತ್ತು, 80 ಪಂದ್ಯ. ಕೊನೆಗೆ ಅಂಕ ಸಮವಾದರೆ ಯಾರ ಎದುರಾಳಿಗಳೆಲ್ಲ ಸೇರಿ ಹೆಚ್ಚು ಅಂಕ ಗಳಿಸಿದ್ದಾರೋ ಅವರು ಮೇಲೆ. ಆಟದ ಹೊತ್ತು ಮಧ್ಯಾಹ್ನ 3ರಿಂದ 4.30, ದಿನದ ಕೆಲಸವನ್ನು ಎರಡು ಕಂತಿನಲ್ಲಿ ಮಾಡುವ ಬ್ರೇಕ್ ಶಿಫ್ಟ್‌ನವರಿಗೂ ಬಿಡುವಿರುವ ಹೊತ್ತು.

ದುಡ್ಡಿನ ವಿಷಯಕ್ಕೆ ಸ್ವಲ್ಪ ಬಿಸಿಯೇರಿತು. ಹೌಸಿ ಟಿಕೆಟ್‌ಗೆ 20 ರೂಪಾಯಿ ಇಡೋಣ, ಕೂಡಿದ್ದನ್ನು ಗೆದ್ದವರಿಗೆ ಹಂಚೋಣ, ಕ್ಲಬ್ಬಲ್ಲೆಲ್ಲ ಹಂಗೇ ಅಲ್ವಾ ಅಂತ ಕೆಲವರು. ಅಕೌಂಟ್ಸ್‌ನ ಅಣ್ಣ ಒಂದು ಹೆಜ್ಜೆ ಮುಂದೆ ಹೋಗಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಿಷೇಧಿಸಿದ ಕರ್ನಾಟಕದ 2021ರ ತಿದ್ದುಪಡಿಯನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟೇ ತೆಗೆದುಹಾಕಿದೆ ಅಂದರು. ಅದು ನಿಜ. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾನೂನು ತಂದಿದೆ. ಹಣ ಕಟ್ಟಿ ಹಣ ಗೆಲ್ಲುವ ನಿರೀಕ್ಷೆಯ ಆನ್‌ಲೈನ್ ಆಟ, ಅದು ಚಾತುರ್ಯದ್ದಾಗಿರಲಿ ಅದೃಷ್ಟದ್ದಾಗಿರಲಿ, ಕೂಡದು. ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಅಣ್ಣನಿಗೆ ಅದನ್ನು ಓದಿ ತೋರಿಸಿದೆ. ಪ್ರವೇಶ ಶುಲ್ಕ ಸೊನ್ನೆ, ಬಹುಮಾನ ಸಂಸ್ಥೆಯದ್ದು: ಕಾಫಿಪುಡಿ, ಜೇನು, ಗಂಬೂಟು, ಮೊದಲ ಸ್ಥಾನಕ್ಕೆ ಒಂದು ದಿನ ಹೆಚ್ಚುವರಿ ಸಂಬಳ ಸಹಿತ ರಜೆ. ಜನ ಹೊಡೆದಾಡಿದ್ದು ರಜೆಗೇ.

ಹೌಸಿ ಸೇರಿಸಿದ್ದು ಕನ್ನಡ ಬಾರದ ಅಸ್ಸಾಂ, ಬಿಹಾರದ ಹುಡುಗರಿಗಾಗಿ. 1ರಿಂದ 90ರವರೆಗಿನ ಅಂಕಿ, ಟಿಕೆಟ್‌ನಲ್ಲಿ 15, ಭಾಷೆಯ ಹಂಗಿಲ್ಲ. ಕೂತು ಆಡುವಾಗ ಮುಂದಿನ ಅಂಕಿ ಕೂಗುವ ಮೊದಲೇ ಗೆದ್ದೆ ಅನ್ನಬೇಕು. ಚಾಟ್‌ನಲ್ಲಿ ಹಾಗೆ ಮಾಡಿದರೆ ಒಳ್ಳೆಯ ಸಿಗ್ನಲ್ ಇರುವವನೇ ಯಾವಾಗಲೂ ಗೆಲ್ಲುತ್ತಾನೆ. ನಾವು 5 ಅಂಕಿ ಒಂದೇ ಮೆಸೇಜಿನಲ್ಲಿ ಹಾಕಿ 10 ನಿಮಿಷ ಬಿಡುತ್ತಿದ್ದೆವು, ಆ ಅವಧಿಯಲ್ಲಿ ಗೆದ್ದೆವೆಂದವರೆಲ್ಲ ಬಹುಮಾನ ಹಂಚಿಕೊಳ್ಳಬೇಕು. ಟಿಕೆಟ್‌ಗಳ ಪ್ರತಿ ಮೊದಲೇ ರೆಫರಿ ಹತ್ತಿರ ಇರುತ್ತಿತ್ತು.

ಜನರಲ್ ಮ್ಯಾನೇಜರ್ ತಾವೂ ಆಡುತ್ತೇನೆಂದರು. ಅವರೆದುರು ‘ಮಳೆ’ ಹಾಕುವ ಧೈರ್ಯ ಯಾವ ಸ್ಟೂವರ್ಡ್‌ಗೂ ಬರದು. ಬಹುಮಾನ ಕೊಡುವವರು ಆಡುವಂತಿಲ್ಲ ಅಂತ ಒಂದು ಸಾಲು ಬರೆದು ಅವರನ್ನು ಬಹುಮಾನ ಕೊಡುವವರನ್ನಾಗಿ ಮಾಡಿದೆವು. ಹೆಣ್ಣುಮಕ್ಕಳ ನಂಬರು ಇಡೀ ಗುಂಪಿಗೆ ಕಾಣುತ್ತದೆಂಬುದು ಮಾತ್ರ ನಗುವ ವಿಷಯವಲ್ಲ. ಪಂದ್ಯದ ಹೆಸರಿನಲ್ಲಿ ಯಾರಿಗೂ ಪ್ರತ್ಯೇಕ ಮೆಸೇಜ್ ಹಾಕುವಂತಿಲ್ಲ, ಒಂದು ‘ಗುಡ್ ಮಾರ್ನಿಂಗ್’ ಹೋದರೂ ಪಂದ್ಯಾವಳಿಯಿಂದ ಹೊರಗೆ, ಆಮೇಲೆ ಆಫೀಸಿನ ಕ್ರಮ. ಇದಕ್ಕೆ ಎಚ್ಚರಿಕೆಯ ಮೊದಲ ಅವಕಾಶವನ್ನೂ ಇಡಲಿಲ್ಲ. ಪೋಲಿ ಪದಗಳು ನಿಘಂಟಿನಲ್ಲಿದ್ದರೂ ರದ್ದು.

ಮುಂದಿನ ಮಳೆಗಾಲಕ್ಕೆ ತೋಟದ ವಿಭಾಗದ ಹಿರಿಯರೂ ಸೇರುತ್ತಾರಂತೆ. ಪದದ ಭಂಡಾರ ಅವರ ಹತ್ತಿರವೇ ಇರುವುದು, ಟೈಪ್ ಮಾಡಲು ಮಾತ್ರ ಬಾರದು. ವಾಯ್ಸ್ ಮೆಸೇಜ್ ಬಿಡೋಣ, ರೆಫರಿ ಕೇಳಿಸಿಕೊಂಡು ಬರೆದು ಹಾಕಿದ್ದೇ ಪದ ಅಂತ ಅಂದುಕೊಂಡಿದ್ದೇವೆ. ಳ, ಲ ಜಗಳ ಹೇಗೂ ಮುಗಿದಿದೆ. ಸ, ಶ, ಷ ಒಂದೇ ಅಂತ ಮಾಡಬೇಕೋ ಬೇಡವೋ ಅನ್ನುವುದಕ್ಕೆ ಕುಶಾಲನಗರದ ರೆಫರಿಯೂ ನಾನೂ ಇನ್ನೂ ಕಾದಾಡುತ್ತಿದ್ದೇವೆ. ಒಂದೇ ಮಾಡಬೇಕೆಂಬುದು ನನ್ನ ಪಕ್ಷ.