ಬೋರಮಾಳದ ಒಳಗೆ ಅರಗು ಇದ್ದರೆ ಅದು ಮೋಸವಾ?

ಬಾಗಲಕೋಟೆ ನವನಗರದಲ್ಲಿ ನಮ್ಮದು ಪತ್ತಾರಿಕೆ, ಅಂದರೆ ಚಿನ್ನದ ಕೆಲಸ. ಬಂದವರು ಬೋರಮಾಳವನ್ನು, ಅಂದರೆ ಚಿನ್ನದ ಗುಂಡು ಪೋಣಿಸಿದ ಸರವನ್ನು, ಅಂಗೈಯಲ್ಲಿಟ್ಟು ತೂಗಿ ನೋಡುತ್ತಾರೆ. ಆಮೇಲೆ ಮೆಲ್ಲಗೆ ಕೇಳುತ್ತಾರೆ: "ತಂಗೀ, ಇದರೊಳಗ ಅರಗು ತುಂಬಿರತೀರಂತ. ಮೋಸ ಅಲ್ಲೇನು?"

ಮೋಸ ಅಲ್ಲ. ಅರಗು ಇಲ್ಲದಿದ್ದರೆ ನಮ್ಮ ಕಡೆ ಇಷ್ಟು ಮನೆಗಳಲ್ಲಿ ಬೋರಮಾಳವೇ ಇರುತ್ತಿರಲಿಲ್ಲ.

ಲೆಕ್ಕ ನೋಡಿ. 6 ಮಿಲಿಮೀಟರ್ ಗುಂಡನ್ನು 22 ಕ್ಯಾರೆಟ್ ಗಟ್ಟಿ ಚಿನ್ನದಲ್ಲಿ ಮಾಡಿದರೆ ಒಂದಕ್ಕೆ ಸುಮಾರು 2 ಗ್ರಾಂ ಬೇಕು. 50 ಗುಂಡಿಗೆ 100 ಗ್ರಾಂ, ಈಗಿನ ಲೆಕ್ಕದಲ್ಲಿ ಹತ್ತು ತೊಲಿ. ಒಕ್ಕಲುತನದ ಮನೆಯವರು ಎಲ್ಲಿಂದ ತರಬೇಕು? ಅದೇ ಗುಂಡನ್ನು 0.1 ಮಿಲಿಮೀಟರ್ ತಗಡಿನಲ್ಲಿ ಟೊಳ್ಳಾಗಿ ಮಾಡಿದರೆ 0.2 ಗ್ರಾಂ ಸಾಕು. ಇಡೀ ಸರ ಒಂದು ತೊಲಿಯಲ್ಲಿ ಮುಗಿಯುತ್ತದೆ. ಆದರೆ ಅಷ್ಟು ತೆಳು ತಗಡು ಬೆರಳಲ್ಲಿ ಒತ್ತಿದರೂ ತಗ್ಗು ಬೀಳುತ್ತದೆ. ಅದಕ್ಕೇ ಒಳಗೆ ಅರಗು.

ತುಂಬುವ ಕೆಲಸವೇ ಕಷ್ಟದ್ದು. ಬಟ್ಟಲಿನಂಥ ಎರಡು ಹೋಳು ಬೆಸೆದು ಗುಂಡು ಮಾಡಿಕೊಳ್ಳುತ್ತೇವೆ. ಅರಗನ್ನು ಕೆಂಡದ ಹತ್ತಿರ ಹಿಡಿದರೆ ಮೆತ್ತಗಾಗಿ ಎಳೆ ಬಿಡುತ್ತದೆ. ಆ ಎಳೆಯನ್ನು ತೂತಿನಿಂದ ಒಳಗೆ ಇಳಿಸಬೇಕು. ಬಿಸಿ ಕಡಿಮೆಯಾದರೆ ಅರ್ಧಕ್ಕೇ ನಿಲ್ಲುತ್ತದೆ. ಜಾಸ್ತಿಯಾದರೆ ಗುಳ್ಳೆ ಎದ್ದು ಒಳಗೆ ಪೊಳ್ಳು ಉಳಿಯುತ್ತದೆ. ಆಮೇಲೆ ಕಾಯಿಸಿದ ಸೂಜಿಯಿಂದ ದಾರಕ್ಕೆ ದಾರಿ ಮಾಡುತ್ತೇವೆ. ಈ ಹದ ಅಪ್ಪನ ಪಕ್ಕ ಕೂತು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ನಮ್ಮದೂ ಇದೆ. ಉಪಕರಣಕ್ಕೆ 15,000 ರೂಪಾಯಿವರೆಗೆ ಸಿಗುತ್ತದೆ, ಒಳ್ಳೆಯದೇ. ಆದರೆ ಮೊದಲ ಹಂತದ ತರಬೇತಿ 5ರಿಂದ 7 ದಿನ. ಅಷ್ಟರಲ್ಲಿ ಅರಗು ಮಾತು ಕೇಳುವುದಿಲ್ಲ.

ಅರಗು ಅಂದರೆ ಮುತ್ತುಗ, ಬೋರೆಯಂಥ ಗಿಡಗಳ ಮೇಲೆ ಸಣ್ಣ ಹುಳ ಕಟ್ಟುವ ಅಂಟು. ಗುಂಡಿಗೆ ಬೋರೆ ಹಣ್ಣಿನ ಹೆಸರು, ಒಳಗೆ ಬೋರೆ ಗಿಡದಲ್ಲೂ ಬೆಳೆಯುವ ಅರಗು. ನನಗೆ ಇದು ಬಹಳ ಇಷ್ಟ.

ಮೋಸ ಆಗುವುದು ಅರಗನ್ನೂ ಚಿನ್ನದ ರೇಟಿಗೆ ತೂಗಿದಾಗ. ನಮ್ಮ ದೊಡ್ಡವ್ವನಿಗೆ ಹಾಗಾಗಿದೆ. ಬೇರೆ ಊರಿನ ಅಂಗಡಿಯಲ್ಲಿ ಕೊಂಡಿದ್ದ ಸರ. ಮಗನ ಆಸ್ಪತ್ರೆ ಖರ್ಚಿಗೆ ಮುರಿಸಿದಾಗ ಅರಗು ಸುಟ್ಟು ಹೋಯಿತು, ಉಳಿದ ಚಿನ್ನ ಚೀಟಿಯಲ್ಲಿದ್ದ ತೂಕಕ್ಕಿಂತ ಎಷ್ಟೋ ಕಡಿಮೆ. ಅವತ್ತಿನ ಅವರ ಮುಖ ನಾನು ಮರೆತಿಲ್ಲ. ಅದಕ್ಕೇ ಹೇಳುತ್ತೇನೆ: ಅರಗು ತುಂಬುವ ಮುಂಚೆ ಒಮ್ಮೆ, ತುಂಬಿದ ಮೇಲೆ ಒಮ್ಮೆ ತೂಗಿಸಿ, ಎರಡನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಚಿನ್ನದ ಮೇಲಿನ 916 ಮುದ್ರೆ ಅಂದರೆ 1000 ಭಾಗಕ್ಕೆ 916 ಭಾಗ ಚೊಕ್ಕ ಚಿನ್ನ ಅಂತ ಅಷ್ಟೇ. ಅರಗು ಎಷ್ಟಿದೆ ಅಂತ ಆ ಅಂಕಿ ಹೇಳುವುದಿಲ್ಲ. ಮತ್ತೆ, ಬಿಸಿಗೆ ಅರಗು ಮೆತ್ತಗಾಗುತ್ತದೆ, ಬಿಸಿನೀರಿನ ಸ್ನಾನ ಮಾಡುವಾಗ ಸರ ತೆಗೆದಿಡಿ.

ನಡುವೆ ಎಷ್ಟೋ ವರ್ಷ ನಮ್ಮಲ್ಲಿ ಬೋರಮಾಳ ಕೇಳುವವರೇ ಇರಲಿಲ್ಲ. ಈಗ ಇಳಕಲ್ ಸೀರೆ, ಖಣದ ಕುಪ್ಪಸ ಹಾಕುವ ಹುಡುಗಿಯರು ಅಜ್ಜಿಯ ಸರ ಹಿಡಿದು ಬರುತ್ತಾರೆ. ಹೋದ ವಾರ ಗುಳೇದಗುಡ್ಡದ ಒಬ್ಬಳು ತಂದಿದ್ದಳು. "ಅಕ್ಕಾ, ಮುರಿಸಿ ಹೊಸಾದು ಮಾಡಿಸಲೇನು?" ಅಂದಳು. ಬೇಡ ಅಂದೆ. ತಗ್ಗು ಬಿದ್ದ ಏಳು ಗುಂಡು ಮಾತ್ರ ಬಿಚ್ಚಿ ಹೊಸ ಅರಗು ತುಂಬಿದೆ. ಉಳಿದವು ಇನ್ನೂ ಗಟ್ಟಿಯಾಗೇ ಇವೆ. ಪೋಣಿಸಲು ಪಟವೇಗಾರರ ಹತ್ತಿರ ಕೊಟ್ಟಿದ್ದೇನೆ, ಗುರುವಾರ ಬರುತ್ತದೆ.