ಕೊಯ್ದ ಪೆಟ್ರೋಲ್ ಪೈಪು ಕೂಡಿಸಲು ಹೋಗಿ

ಹೋದ ವರ್ಷ ಮಳೆಗಾಲಕ್ಕೆ ಸ್ವಲ್ಪ ಮುಂಚೆ ಸಕಲೇಶಪುರದ ಕಡೆಯ ಕಾಫಿ ತೋಟದಿಂದ 1998ರ ಮಾರುತಿ ಜಿಪ್ಸಿ ಕಿಂಗ್ ಜೀಪು ಒಂದು ಹಾಸನದ ನಮ್ಮ ಗ್ಯಾರೇಜಿಗೆ ಬಂತು. ಬಂತು ಅಂದರೆ ಓಡಿಸಿಕೊಂಡು ಬಂದದ್ದಲ್ಲ, ಲಾರಿ ಮೇಲೆ ಹೇರಿಕೊಂಡು ತಂದದ್ದು. ಬಾನೆಟ್ ಎತ್ತಿದರೆ ಒಳಗೆ ಎಂಜಿನ್ನೇ ಇಲ್ಲ. ಪೆಟ್ರೋಲಿಗೆ ಗಾಳಿ ಬೆರೆಸಿಕೊಡುವ ಕಾರ್ಬುರೇಟರ್ ಇದ್ದ ಹಳೇ ಎಂಜಿನ್ ಕೈಕೊಟ್ಟಿತ್ತು. ಗಾಡಿಯ ಮಾಲೀಕ ಗೌಡ್ರು ಎಲ್ಲಿಂದಲೋ ಜಿಪ್ಸಿಯದೇ ಎಂಪಿಎಫ್‌ಐ ಎಂಜಿನ್, ಅಂದರೆ ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವಂಥದ್ದು, ಹುಡುಕಿ ತಂದಿದ್ದರು. ಬೇರೊಂದು ಗ್ಯಾರೇಜಿನವರು ಹಳೆಯದನ್ನು ಇಳಿಸಿ, ಇದನ್ನು ಕೂರಿಸಲಾಗದೆ ಕೈಬಿಟ್ಟಿದ್ದರು.

ಇಳಿಸುವಾಗ ಪೆಟ್ರೋಲ್ ಪೈಪಿನ ಜಾಯಿಂಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದಿರಬೇಕು. ಬಿಚ್ಚುವ ತಾಳ್ಮೆ ಇಲ್ಲದೆ ಮೂರೂ ಪೈಪಿಗೆ ಆಕ್ಸಾ ಬ್ಲೇಡ್ ಹಾಕಿ ಕೊಯ್ದಿದ್ದರು. ಮೂರು ಮೊಂಡು ತುದಿಗಳು ಎಂಜಿನ್ ಕೋಣೆಯೊಳಗೆ ಇಣುಕುತ್ತಿದ್ದವು.

"ಪೈಪು ತಾನೇ ಮೇಸ್ತ್ರಿ, ಒಂದು ತುಂಡು ರಬ್ಬರ್ ಹಾಕಿ ಕ್ಲಿಪ್ ಬಿಗೀರಿ, ಸಾಕು" ಎಂದರು ಗೌಡ್ರು.

ನಾಚಿಕೆ ಬಿಟ್ಟು ಹೇಳುತ್ತೇನೆ, ನಾನೂ ಅದನ್ನೇ ಮಾಡಿದೆ. ಎಂಜಿನ್ ಕೂರಿಸುವುದು, ವೈರಿಂಗ್, ಇಸಿಎಂ ಅನ್ನುವ ಎಂಜಿನ್ ಕಂಪ್ಯೂಟರ್, ಇದರಲ್ಲೇ ತಲೆ ಮುಳುಗಿತ್ತು. ಪೈಪು ಕೊನೆಯ ಕೆಲಸ ಆಯಿತು. ಶೆಲ್ಫಿನಲ್ಲಿದ್ದ ಹೋಸ್ ತುಂಡು ಮಾಡಿದೆ, ಕೊಯ್ದ ತುದಿಗೆ ತೂರಿಸಿದೆ, ಮಾಮೂಲಿ ಸ್ಕ್ರೂ ಕ್ಲಿಪ್ ಬಿಗಿದೆ. ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಎಲ್ಲರಿಗೂ ಚಹಾ ತರಿಸಿದೆ.

ಚಹಾ ಲೋಟ ಇನ್ನೂ ಕೈಯಲ್ಲೇ ಇತ್ತು. 'ಟಪ್' ಅಂತ ಒಂದು ಸದ್ದು. ಹೋಸು ಪೈಪಿನಿಂದ ಕಳಚಿಕೊಂಡು ಹಾವಿನ ಹಾಗೆ ಒದ್ದಾಡುತ್ತಾ ಬಾನೆಟ್ಟಿನ ಒಳಮೈಗೆಲ್ಲ ಪೆಟ್ರೋಲ್ ಚಿಮ್ಮಿಸಿತು. ನಮ್ಮ ಹುಡುಗ ಗಾಜಿನ ಬಲ್ಬಿನ ಕೈದೀಪ ಹಿಡಿದು ಅಲ್ಲೇ ಬಗ್ಗಿದ್ದ. ನಾನು ಕೀ ಆಫ್ ಮಾಡುವಷ್ಟರಲ್ಲಿ ಅವನ ಅಂಗಿ ತೋಳು ಒದ್ದೆ. ಎಂಜಿನ್ ಆಗಷ್ಟೇ ಸ್ಟಾರ್ಟ್ ಆಗಿದ್ದರಿಂದ ಸೈಲೆನ್ಸರ್ ಬುಡ ಇನ್ನೂ ಅಷ್ಟಾಗಿ ಕಾದಿರಲಿಲ್ಲ, ಬಲ್ಬು ಒಡೆಯಲಿಲ್ಲ. ನಮ್ಮ ಪುಣ್ಯ, ಅಷ್ಟೇ. ಅವತ್ತೇ ಆ ಕೈದೀಪ ಒಡೆದು ಹಾಕಿದೆ. ಈಗ ಗ್ಯಾರೇಜಿನಲ್ಲಿ ಇರುವುದೆಲ್ಲ ಎಲ್‌ಇಡಿ.

ತಪ್ಪಾದದ್ದು ಎಲ್ಲಿ? ಕಾರ್ಬುರೇಟರ್ ಗಾಡಿಯಲ್ಲಿ ಎಂಜಿನ್ ಮೇಲಿನ ಪಂಪು ತಳ್ಳುವುದು ಮೂರ್ನಾಲ್ಕು ಪಿಎಸ್‌ಐ ಒತ್ತಡದಲ್ಲಿ. ಅದಕ್ಕೆ ಸುಮ್ನೆ ತೂರಿಸಿದ ಹೋಸೂ ನಿಲ್ಲುತ್ತದೆ. ಎಂಪಿಎಫ್‌ಐಗೆ ಬೇಕಾದದ್ದು ಸುಮಾರು 40 ಪಿಎಸ್‌ಐ, ಹತ್ತು ಪಟ್ಟು ಜಾಸ್ತಿ. ಕಂಪನಿ ಪೈಪಿನ ತುದಿ ಗಮನಿಸಿದ್ದೀರಾ? ಬಾಯಿಯ ಹತ್ತಿರ ಬಳೆಯ ಹಾಗೆ ಒಂದು ಸಣ್ಣ ಉಬ್ಬು ಇರುತ್ತದೆ. ಹೋಸು ಆ ಉಬ್ಬು ದಾಟಿ ಕೂರಬೇಕು, ಕ್ಲಿಪ್ಪು ಉಬ್ಬಿನ ಹಿಂದೆ ಬರಬೇಕು. ಆಗ ಒತ್ತಡ ಎಷ್ಟೇ ತಳ್ಳಿದರೂ ಹೋಸು ಜಾರುವುದಿಲ್ಲ. ಬ್ಲೇಡಿನಲ್ಲಿ ಕೊಯ್ದಾಗ ಮೊದಲು ಹೋಗುವುದೇ ಆ ಉಬ್ಬು. ಉಳಿಯುವುದು ನುಣ್ಣನೆಯ ಕೊಳವೆ. ಅದರ ಮೇಲೆ ಕ್ಲಿಪ್ ಎಷ್ಟು ಬಿಗಿದರೂ ಒಂದೇ. ಬಿಗಿ ಜಾಸ್ತಿಯಾದರೆ ಕ್ಲಿಪ್ಪಿನ ಹಲ್ಲು ರಬ್ಬರನ್ನೇ ಕಚ್ಚಿ ಹರಿಯುತ್ತದೆ.

ಹೋಸಿನ ಕಥೆಯೂ ಬೇರೆಯಲ್ಲ. ಕಳಚಿದ್ದನ್ನು ತಿರುಗಿಸಿ ನೋಡಿದರೆ ಮೈಮೇಲೆ ಹೋಸಿನ ದರ್ಜೆ ಹೇಳುವ 'ಜೆ30 ಆರ್7' ಅಂತ ಅಚ್ಚು. ಅದು ಕಾರ್ಬುರೇಟರಿನಂಥ ಕಡಿಮೆ ಒತ್ತಡದ ಲೈನಿಗೆ. ಇಂಜೆಕ್ಷನ್‌ಗೆ ಆರ್9 ಬೇಕು. ಹೊರಗಿನಿಂದ ಎರಡೂ ಒಂದೇ ಥರ ಕಪ್ಪಗೆ ಕಾಣುತ್ತವೆ, ಅಚ್ಚು ಓದದೆ ಗೊತ್ತಾಗುವುದಿಲ್ಲ. ಜೊತೆಗೆ ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇದೆ. ಶೇಕಡಾ 20 ಎಥೆನಾಲ್ ಬೆರೆತ ಇ20 ಮಾರಾಟ ಶುರುವಾಗಿದ್ದು 2023ರ ಫೆಬ್ರವರಿಯಲ್ಲಿ, ಅದಕ್ಕೆ ಚಾಲನೆ ಕೊಟ್ಟದ್ದೂ ನಮ್ಮ ಬೆಂಗಳೂರಿನಲ್ಲೇ. ಹಳೇ ರಬ್ಬರ್ ಅದಕ್ಕೆ ಉಬ್ಬುತ್ತದೆ, ಮೆತ್ತಗಾಗುತ್ತದೆ, ಆಮೇಲೆ ಬಿರುಕು ಬಿಡುತ್ತದೆ. ಆರ್9ರ ಒಳಪದರ ಬೇರೆ ರಬ್ಬರಿನದು, ಎಥೆನಾಲನ್ನು ತಡೆಯುತ್ತದೆ.

ಮರುದಿನ ಕೆಲಸವನ್ನು ಬುಡದಿಂದ ಶುರು ಮಾಡಿದೆ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ, ಬೆಂಕಿ ನಂದಿಸುವ ಪೌಡರ್ ಸಿಲಿಂಡರ್ ಪಕ್ಕಕ್ಕಿಟ್ಟೆ. ಗಾಡಿಯ ಅಡಿ ಕೆಲಸಕ್ಕೆ ನಾವು ಇಳಿಯುವ ಗುಂಡಿಯ ಮೇಲೆ ಅದನ್ನು ನಿಲ್ಲಿಸಲಿಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಇಳಿದು ಗುಂಡಿಯೊಳಗೆ ಕೂರುತ್ತದೆ. ಮೈ ಕೊರೆಯುವ ಚಳಿಯಲ್ಲೂ ಅದಕ್ಕೆ ಒಂದು ಕಿಡಿ ಸಾಕು.

ಯಾವ ಪೈಪು ಯಾವುದು ಅಂತ ಮೊದಲ ಸಲ ಅಂದಾಜಿನಲ್ಲೇ ಹಿಡಿದಿದ್ದೆ. ಒಂದು ಎಂಜಿನ್ನಿಗೆ ಹೋಗುವುದು, ಒಂದು ಟ್ಯಾಂಕಿಗೆ ವಾಪಸ್ ಬರುವುದು, ಮೂರನೆಯದು ಟ್ಯಾಂಕಿನ ಆವಿಯದು. ಈ ಸಲ ಟ್ಯಾಂಕಿನ ಕಡೆ ಬಿಚ್ಚಿ, ಮುಂದಿನಿಂದ ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದೆ. ಹುಡುಗ ಹಿಂದೆ ಮಲಗಿ ಬೆರಳು ಇಟ್ಟು "ಇದು ಅಣ್ಣ, ಇದು" ಅನ್ನುತ್ತಿದ್ದ. ಒಂದಕ್ಕೆ ಕೆಂಪು ಟೇಪು, ಒಂದಕ್ಕೆ ಹಳದಿ. ಮೂರನೆಯದಕ್ಕೆ ಎಷ್ಟು ಹೊಡೆದರೂ ಗಾಳಿಯೇ ದಾಟಲಿಲ್ಲ. ತಂತಿ ಹಾಕಿ ಕೆದಕಿದರೆ ಒಣಗಿದ ಮಣ್ಣು ಉದುರಿತು. ತಿಂಗಳುಗಟ್ಟಲೆ ಬಾಯಿ ತೆರೆದು ನಿಂತ ಪೈಪಿನೊಳಗೆ ಕುಂಬಾರ ಹುಳ ಗೂಡು ಕಟ್ಟಿತ್ತು! ಬಾಕಿ ಎರಡರಲ್ಲಿ ತುಕ್ಕು, ಬ್ಲೇಡಿನ ಕಬ್ಬಿಣದ ಪುಡಿ. ಇಂಜೆಕ್ಟರಿನ ತೂತು ಎಷ್ಟು ಸಣ್ಣದು ಅಂತ ಗೊತ್ತಿದ್ದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಅಲ್ಲಿಗೆ ಕೂಡಿಸುವ ಯೋಚನೆಯನ್ನೇ ಬಿಟ್ಟೆ. ಟ್ಯಾಂಕಿನಿಂದ ಎಂಜಿನ್ ತನಕ ಪೈಪು ಪೂರ್ತಿ ಹೊಸದು ಹಾಕುವುದು ಅಂತ ತೀರ್ಮಾನವಾಯಿತು. ಗೌಡ್ರಿಗೆ ಇದು ಹಿಡಿಸಲಿಲ್ಲ. "ಫ್ರಿಜ್ ರಿಪೇರಿಯವರ ಹತ್ರ ತಾಮ್ರದ ಪೈಪು ಸಿಗುತ್ತಲ್ಲ, ಬೇಕಾದ ಹಾಗೆ ಬಗ್ಗುತ್ತೆ" ಎಂದರು. ಬಗ್ಗುತ್ತದೆ ನಿಜ. ಆದರೆ ಗಾಡಿಯ ನಡುಕಕ್ಕೆ ತಾಮ್ರ ದಿನೇ ದಿನೇ ಗಡುಸಾಗಿ ಕೊನೆಗೆ ಸೀಳುತ್ತದೆ. ಪೆಟ್ರೋಲ್ ಬೇಗ ಕೆಟ್ಟು ಅಂಟು ಕಟ್ಟಲೂ ತಾಮ್ರ ಕಾರಣವಾಗುತ್ತದೆ. "ಹಾಗಾದ್ರೆ ಹಳೇದಕ್ಕೇ ಬೆಸುಗೆ ಹಾಕ್ಸಿ, ಟ್ಯಾಂಕ್ ಖಾಲಿ ಇದೆಯಲ್ಲ" ಎಂದರು. ಗೌಡ್ರೇ, ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿಗೇ ನಾನು ಹೆಚ್ಚು ಹೆದರುವುದು, ಅದರ ತುಂಬಾ ಆವಿ ಇರುತ್ತದೆ ಅಂದೆ. ಆಮೇಲೆ ಅವರು ಮಾತಾಡಲಿಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಸ್ಟೀಲ್ ಪೈಪು, ಆರ್9 ಹೋಸು, ಅಂಚು ಮಡಚಿದ ಇಂಜೆಕ್ಷನ್ ಕ್ಲಿಪ್ಪುಗಳು ಬಂದವು. ಪೈಪನ್ನು ಬ್ಲೇಡಿನಿಂದ ಕೊಯ್ಯಲಿಲ್ಲ. ಚಕ್ರದ ಪೈಪ್ ಕಟ್ಟರಿನಿಂದ ಸುತ್ತ ತಿರುಗಿಸಿ ತುಂಡು ಮಾಡಿದೆ, ಅದರಲ್ಲಿ ಪುಡಿ ಬೀಳುವುದಿಲ್ಲ. ಫ್ಲೇರಿಂಗ್ ಟೂಲಿನಲ್ಲಿ ತುದಿಗೆ ಉಬ್ಬು ತೆಗೆಯಲು ಹೋಗಿ ಮೊದಲ ಎರಡು ತುಂಡು ಸೀಳಿದವು, ಮೂರನೆಯದು ಸರಿಯಾಯಿತು. ಹೊಸ ಪೈಪು ಹಳೇ ಪೈಪಿನ ದಾರಿಯಲ್ಲೇ ಚಾಸಿಗೆ ಅಂಟಿಕೊಂಡು, ಸೈಲೆನ್ಸರಿನಿಂದ ದೂರ ಹೋಯಿತು. ಗೇಣುಗೇಣಿಗೆ ರಬ್ಬರ್ ಇಟ್ಟು ಕ್ಲ್ಯಾಂಪ್. ರಬ್ಬರ್ ಹೋಸು ಎರಡೇ ಕಡೆ, ಟ್ಯಾಂಕಿನ ಹತ್ತಿರ ಮತ್ತು ಎಂಜಿನ್ನಿನ ಹತ್ತಿರ. ಎಂಜಿನ್ ಅಲುಗುತ್ತದೆ, ಚಾಸಿ ಅಲುಗುವುದಿಲ್ಲ, ಹಾಗಾಗಿ ಅಲ್ಲಿ ಮೆತ್ತಗಿನದು ಇರಲೇಬೇಕು. ಎಂಪಿಎಫ್‌ಐಗೆಂದು ಟ್ಯಾಂಕಿನ ಹೊರಗೆ ಹಾಕಿದ ಕರೆಂಟ್ ಪಂಪನ್ನು ಟ್ಯಾಂಕಿಗಿಂತ ಕೆಳಗೆ ಕೂರಿಸಿದೆ. ಆ ಪಂಪು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಸೋಮಾರಿ.

ಎಂಜಿನ್ ಸ್ಟಾರ್ಟ್ ಮಾಡದೆ ಹತ್ತು ಸಲ ಕೀ ಆನ್ ಆಫ್ ಮಾಡಿ ಲೈನಿಗೆ ಒತ್ತಡ ತುಂಬಿಸಿದೆ. ಒಂದೊಂದು ಜಾಯಿಂಟಿಗೂ ಟಿಶ್ಯೂ ಪೇಪರ್ ಒತ್ತಿ ನೋಡಿದೆ. ಒಣ ಪೇಪರ್. ರಾತ್ರಿಯಿಡೀ ಹಾಗೇ ಬಿಟ್ಟು, ಬೆಳಿಗ್ಗೆ ಗಾಡಿ ಕೆಳಗೆ ಹಾಸಿದ್ದ ರಟ್ಟು ನೋಡಿದೆ. ಒಂದು ಹನಿಯ ಕಲೆಯೂ ಇರಲಿಲ್ಲ. ಆಮೇಲೇ ಸ್ಟಾರ್ಟ್ ಮಾಡಿದ್ದು. ಚಹಾ ಈ ಸಲ ಎಂಜಿನ್ ಅರ್ಧ ಗಂಟೆ ಓಡಿದ ಮೇಲೆ.

ಎಂಜಿನ್ ಬದಲಾವಣೆಗೆ ಆರ್‌ಟಿಒ ಅನುಮತಿ ಬೇಕು, 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದಕ್ಕೇ ಇದೆ. ಗೌಡ್ರು ಅರ್ಜಿ ಮೊದಲೇ ಹಾಕಿದ್ದರು, ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಬರೆಸಿಕೊಂಡು ಹೋದರು. ಕೊಯ್ದ ಹಳೇ ಪೈಪಿನ ತುಂಡೊಂದನ್ನು, ಒಳಗಿನ ಹುಳದ ಗೂಡಿನ ಸಮೇತ, ಗೋಡೆಯ ಮೊಳೆಗೆ ನೇತುಹಾಕಿದ್ದೇನೆ. ಹೋದ ವಾರ ಗೌಡ್ರ ಫೋನ್ ಬಂತು. ಎದೆ ಧಸಕ್ ಅಂತು. "ಪೆಟ್ರೋಲ್ ವಾಸನೆ ಏನೂ ಇಲ್ಲ ಮೇಸ್ತ್ರಿ," ಎಂದರು, "ಹಿಂದಿನ ಬಾಗಿಲು ಕಿರ್ ಅನ್ನುತ್ತೆ, ಯಾವಾಗ ತರ್ಲಿ?"